ಜೆಸಿಬಿ ಕರೆಸುವ ಮೊದಲು: ನಿಮ್ಮ ಜಾಗದ ನೆಲದಡಿ ಏನಿದೆ ಎಂದು ತಿಳಿಯುವ ಬಗೆ

ಬಳ್ಳಾರಿಯಲ್ಲಿ ಮನೆ ಮುಂದೆ ಸಂಪು ತೋಡಿಸಬೇಕೆಂದರೆ ಮೊದಲ ಫೋನು ಹೋಗುವುದು ಜೆಸಿಬಿಯವರಿಗೆ. ಬಾಡಿಗೆ ಗಂಟೆ ಲೆಕ್ಕದ್ದು. ಗಾಡಿ ಗೇಟಿನೊಳಗೆ ಬಂತೆಂದರೆ ನಿಂತು ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬಕೆಟ್ ನೆಲಕ್ಕಿಳಿದು ಎರಡಡಿ ಹೋಗುವಷ್ಟರಲ್ಲಿ ನಳದ ಪೈಪು ಒಡೆದು ನೀರು ಚಿಮ್ಮಿದರೆ ಅಷ್ಟಕ್ಕೇ ಮುಗಿಯಿತಲ್ಲ ಎನ್ನಬೇಕು. ಅದೇ ಅಂಗಳದಲ್ಲಿ, ಅದೇ ಆಳದಲ್ಲಿ ಕರೆಂಟು ಹರಿಯುವ ಕೇಬಲ್ಲೂ ಇರಬಹುದಿತ್ತು.

ಸಂಪು ಒಂದೇ ಅಲ್ಲ. ಕಾಂಪೌಂಡಿನ ಬುನಾದಿ, ಶೌಚಾಲಯದ ಗುಂಡಿ, ಮಳೆನೀರಿನ ಇಂಗುಗುಂಡಿ, ಅರ್ಥಿಂಗ್ ಗುಂಡಿ, ಹೊಸ ಬೋರ್‌ವೆಲ್, ಹೊಲದಲ್ಲಿ ಡ್ರಿಪ್ಪಿನ ಮೇನ್ ಲೈನು, ಎಲ್ಲವೂ ನೆಲ ಅಗೆಯುವ ಕೆಲಸಗಳೇ. ಹಾರೆ ಹಿಡಿದು ಗುಂಡಿಯೊಳಗೆ ನಿಲ್ಲುವವರು ಸಾಮಾನ್ಯವಾಗಿ ಮನೆ ಯಜಮಾನರಲ್ಲ, ದಿನಗೂಲಿಗೆ ಬಂದವರು. ಆ ಜಾಗದಲ್ಲಿ ಹಿಂದೆ ಯಾರು ಏನು ಹೂತಿದ್ದಾರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತು ಮಾಡಿಕೊಂಡು ಅವರಿಗೆ ಹೇಳಬೇಕಾದದ್ದು ಜಾಗದವರ ಕೆಲಸ. ಅದಕ್ಕೆ ಇರುವ ದಾರಿಗಳು ಯಾವುವು, ಯಾವ ದಾರಿಯನ್ನು ಎಷ್ಟು ನಂಬಬಹುದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲೇ ಒಂದು ಮಾತು: ನಕ್ಷೆ, ಆ್ಯಪ್, ಯಂತ್ರ, ಹಳಬರ ನೆನಪು ಇವೆಲ್ಲ ಕೊಡುವುದು ಅಂದಾಜನ್ನು. ಖಾತ್ರಿ ಸಿಗುವುದು ಕೈಯಿಂದ ಅಗೆದ ಸಣ್ಣ ಗುಂಡಿಯಲ್ಲಿ ಆ ಲೈನನ್ನು ಕಣ್ಣಾರೆ ಕಂಡಾಗ ಮಾತ್ರ.

ಮೀಟರಿನ ಆಚೆ ಅವರದು, ಈಚೆ ನಿಮ್ಮದು

ನೆಲದಡಿಯ ಲೈನುಗಳಲ್ಲಿ ಎರಡು ಬಗೆ. ಕರೆಂಟು ಕೊಡುವ ಜೆಸ್ಕಾಂ, ಪಾಲಿಕೆ, ಗ್ರಾಮ ಪಂಚಾಯಿತಿ, ಬಿಎಸ್‌ಎನ್‌ಎಲ್, ಖಾಸಗಿ ಟೆಲಿಕಾಂ ಕಂಪನಿಗಳು ಹಾಕಿದ್ದು ಒಂದು ಬಗೆ. ಇವಕ್ಕೆ ಎಲ್ಲೋ ಒಂದು ಕಚೇರಿಯಲ್ಲಿ ಕಡತವಾದರೂ ಇರುತ್ತದೆ. ಮನೆಯವರೇ ಹಾಕಿಸಿಕೊಂಡದ್ದು ಇನ್ನೊಂದು ಬಗೆ. ಮೀಟರ್ ಬೋರ್ಡಿನಿಂದ ಹಿತ್ತಲಿನ ಶೆಡ್ಡಿಗೆ ಎಳೆದ ವೈರು, ಗೇಟಿನ ಲೈಟಿಗೆ ಹೋದ ಕೊಳವೆ, ಸಂಪಿನ ಮೋಟರಿನ ಕೇಬಲ್, ಬೋರ್‌ವೆಲ್‌ನಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪು, ಬಚ್ಚಲು ನೀರಿನ ಲೈನು, ಒಳಚರಂಡಿ ಬಂದ ಮೇಲೆ ಹಾಗೇ ಮುಚ್ಚಿಬಿಟ್ಟ ಹಳೆಯ ಸೆಪ್ಟಿಕ್ ಟ್ಯಾಂಕು. ಇವು ಯಾವ ಸರ್ಕಾರಿ ನಕ್ಷೆಯಲ್ಲೂ ಇಲ್ಲ. ಹಾಕಿದ ಪ್ಲಂಬರ್, ಎಲೆಕ್ಟ್ರಿಷಿಯನ್ ಊರು ಬಿಟ್ಟಿದ್ದರೆ, ಮನೆ ಕೈಬದಲಾಗಿದ್ದರೆ, ಆ ಲೈನು ಎಲ್ಲಿದೆ ಎಂದು ಹೇಳುವವರು ಯಾರೂ ಉಳಿದಿರುವುದಿಲ್ಲ.

ಅಮೆರಿಕದಲ್ಲಿ ಅಗೆಯುವ ಮೊದಲು 811ಕ್ಕೆ ಫೋನ್ ಮಾಡುವ ಪದ್ಧತಿ ಇದೆ. ಆಯಾ ಕಂಪನಿಯವರು ಬಂದು ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ: ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು, ಟೆಲಿಫೋನಿಗೆ ಕಿತ್ತಳೆ. ಅಷ್ಟು ವ್ಯವಸ್ಥೆ ಇರುವಲ್ಲೂ ಮೀಟರಿನಿಂದ ಒಳಗಿನ ಖಾಸಗಿ ಲೈನುಗಳಿಗೆ ಗೆರೆ ಬೀಳುವುದಿಲ್ಲ. ಕಾಂಪೌಂಡಿನೊಳಗೆ ಅಗೆಯುವವರಿಗೆ ಹೆಚ್ಚು ಸಿಗುವುದೇ ಇವು. ಆದ್ದರಿಂದ ಮೊದಲು ಮನೆಯೊಳಗಿಂದಲೇ ಶುರು ಮಾಡಿ. ಕರೆಂಟು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತದೆ ಎಂದು ಒಂದೊಂದನ್ನೇ ಹಿಂಬಾಲಿಸಿ. ಗೋಡೆಯ ಬುಡದಲ್ಲಿ ನೆಲಕ್ಕಿಳಿದ ಪ್ರತಿ ಕೊಳವೆಯೂ ಬೇರೆ ಎಲ್ಲೋ ಮೇಲೆದ್ದಿರಬೇಕು. ಎದ್ದ ಜಾಗ ಸಿಕ್ಕರೆ ನಡುವಿನ ದಾರಿಯ ಅಂದಾಜು ಸಿಗುತ್ತದೆ.

ಯಾರನ್ನು ಕೇಳಬೇಕು

ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಹೊರತಂದಿತು. ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಂಡು, ಎಲ್ಲಿ, ಯಾವ ದಿನ ಅಗೆಯುತ್ತೀರಿ ಎಂದು ನಕ್ಷೆಯಲ್ಲಿ ಗುರುತಿಸಿದರೆ, ಆ ಜಾಗದಲ್ಲಿ ಲೈನು ಇರುವ ಸಂಸ್ಥೆಗಳಿಗೆ ಎಸ್‌ಎಂಎಸ್, ಇಮೇಲ್ ಹೋಗುತ್ತದೆ. ಅವರು ನಿಮ್ಮನ್ನು ಸಂಪರ್ಕಿಸಿ ಎಚ್ಚರಿಕೆ ಹೇಳಬೇಕು. ಇದರ ಬೆನ್ನಿಗೆ ಕಾನೂನೂ ಇದೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಟೆಲಿಕಾಂ ಜಾಲಕ್ಕೆ ಹಾನಿ ಮಾಡಿದವರು ನಷ್ಟ ತುಂಬಿಕೊಡಬೇಕು, ಅದರ ಮೇಲೆ 50 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಬಳಸಲು ದುಡ್ಡಿಲ್ಲ, ಬಳಸಿ. ಆದರೆ ಅದರಲ್ಲಿ ತಮ್ಮ ಲೈನುಗಳನ್ನು ದಾಖಲಿಸಿದ ಸಂಸ್ಥೆಗಳಿಗೆ ಮಾತ್ರ ಸುದ್ದಿ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಯಾರಿಂದಲೂ ಉತ್ತರ ಬಾರದಿದ್ದರೆ ಕೆಳಗೆ ಏನೂ ಇಲ್ಲ ಎಂದರ್ಥವಲ್ಲ.

ಕರೆಂಟಿನ ವಿಷಯಕ್ಕೆ ನಿಮ್ಮ ಭಾಗದ ಜೆಸ್ಕಾಂ ಸೆಕ್ಷನ್ ಆಫೀಸಿಗೇ ಹೋಗುವುದು ಒಳ್ಳೆಯದು. ಮೀಟರಿನ ಆರ್‌ಆರ್ ನಂಬರ್ ಹೇಳಿ, ಸರ್ವಿಸ್ ಲೈನು ಕಂಬದಿಂದ ಮೇಲಿನಿಂದ ಬಂದಿದೆಯೋ ನೆಲದಡಿ ಬಂದಿದೆಯೋ ಕೇಳಿ. ಅನುಮಾನವಿದ್ದರೆ ಅಗೆಯುವ ದಿನ ಲೈನ್‌ಮ್ಯಾನ್ ಇರಲಿ ಎಂದು ಅರ್ಜಿ ಕೊಡಿ. ಹೊಸ ಲೇಔಟುಗಳಲ್ಲಿ ಕಂಬ ಕಾಣುವುದಿಲ್ಲ, ತಂತಿ ಕಾಣುವುದಿಲ್ಲ, ಬೀದಿ ಬದಿಯಲ್ಲಿ ಕಬ್ಬಿಣದ ಪೆಟ್ಟಿಗೆ ಮಾತ್ರ ನಿಂತಿರುತ್ತದೆ. ಅಂಥ ಕಡೆ ಇಡೀ ಬೀದಿಯ ಕರೆಂಟು ನಿಮ್ಮ ಕಾಲಡಿಯಲ್ಲೇ ಇದೆ.

ನೀರಿನ ವಿಷಯಕ್ಕೆ ಯಾವ ನಕ್ಷೆಗಿಂತಲೂ ವಾಲ್ವ್‌ಮನ್ ದೊಡ್ಡವರು. ಬಳ್ಳಾರಿ, ರಾಯಚೂರಿನ ಹಳೆ ಬಡಾವಣೆಗಳಲ್ಲಿ ಬೀಡುಕಬ್ಬಿಣದ ಪೈಪು, ಸಿಮೆಂಟ್ ಪೈಪು, ಪಿವಿಸಿ, ಈಚಿನ ಕಪ್ಪು ಪ್ಲಾಸ್ಟಿಕ್ ಪೈಪು (ಎಚ್‌ಡಿಪಿಇ) ಎಲ್ಲವೂ ಒಂದರ ಪಕ್ಕ ಒಂದು ಇರಬಹುದು. ಕೆಲವು ಬಂದ್ ಆಗಿರುತ್ತವೆ, ಕೆಲವು ನಡೆಯುತ್ತಿರುತ್ತವೆ. ಯಾವುದು ಯಾವುದೆಂದು ವರ್ಷಗಟ್ಟಲೆ ಗೇಟ್‌ವಾಲ್ವ್ ತಿರುಗಿಸಿದವರಿಗೇ ಗೊತ್ತು. ‘ಅಲ್ಲಿ ಅಗಿಬ್ಯಾಡ್ರೀ, ಲೈನು ಸೀದಾ ಹೋಗಿಲ್ಲ, ಬೇವಿನ ಗಿಡದತ್ರ ಬೆಂಡ್ ಐತಿ’ ಎಂಬ ಮಾತು ಕಚೇರಿಯ ಯಾವ ಕಾಗದದಲ್ಲೂ ಸಿಗುವುದಿಲ್ಲ. ಹಳ್ಳಿಯಾದರೆ ಪಂಚಾಯಿತಿಯ ವಾಟರ್‌ಮನ್. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಮನೆಮನೆಗೆ ನಳ ಕೊಡಲು ಓಣಿ ಓಣಿಗಳಲ್ಲಿ ಹೊಸ ಪೈಪು ಇಳಿದಿದೆ. ಎಷ್ಟೋ ಕಡೆ ಹಳೆಯ ಲೈನೂ ಅಲ್ಲೇ ಉಳಿದಿದೆ. ಒಂದು ಪೈಪು ಸಿಕ್ಕಿತೆಂದು ನೆಮ್ಮದಿಯಾಗಬೇಡಿ, ಇನ್ನೊಂದಿದೆಯೇ ಎಂದು ಕೇಳಿ.

ಹೊಲದವರು ಪಹಣಿಯ 11ನೇ ಕಾಲಂ ನೋಡಬೇಕು. ಋಣ ಮತ್ತು ಇತರೆ ಹಕ್ಕುಗಳು ಬರುವುದು ಅಲ್ಲಿ. ದೊಡ್ಡ ತೈಲ, ಅನಿಲ ಕೊಳವೆ ಹೊಲದಲ್ಲಿ ಹಾದುಹೋಗಿದ್ದರೆ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆಯ ಕೆಳಗೆ ಕೊಳವೆ ಹೋದ ನೆಲದ ಪಟ್ಟಿಯ ಬಳಕೆಯ ಹಕ್ಕನ್ನು ಪಡೆದಿರುತ್ತಾರೆ. ಜಮೀನು ರೈತರದ್ದೇ, ಬೆಳೆಯನ್ನೂ ಬೆಳೆಯಬಹುದು. ಆದರೆ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಹೊಂಡ ತೋಡುವಂತಿಲ್ಲ, ಮರ ನೆಡುವಂತಿಲ್ಲ. ದಾಭೋಲ್–ಬೆಂಗಳೂರು ಅನಿಲ ಮಾರ್ಗ ಅವಿಭಜಿತ ಬಳ್ಳಾರಿ ಜಿಲ್ಲೆಯನ್ನು ಹಾದುಹೋಗಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆಗೆ ದೂರದಿಂದ ನೀರು ಬರುವುದೂ ದೊಡ್ಡ ಪೈಪಿನಲ್ಲೇ. ಬದುವಿನಲ್ಲಿ ಕಂಪನಿಯ ಹೆಸರು, ಫೋನ್ ನಂಬರ್ ಬರೆದ ಗುರುತಿನ ಕಂಬ ನಿಂತಿದ್ದರೆ ಮೊದಲು ಆ ನಂಬರಿಗೆ ಫೋನ್ ಮಾಡಿ. ಇಂಥ ಅನಿಲ ಕೊಳವೆಯ ಹತ್ತಿರ ನಿಮ್ಮಷ್ಟಕ್ಕೆ ನೀವು ಗುದ್ದಲಿ ಹಾಕುವ ಪ್ರಶ್ನೆಯೇ ಇಲ್ಲ.

ಬೋರ್‌ವೆಲ್ ಕೊರೆಸುವವರಿಗೆ ಇನ್ನೊಂದು ಮಾತು. ಕೊರೆಯುವ 15 ದಿನ ಮೊದಲು ಸಂಬಂಧಪಟ್ಟ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ತೆರೆದ ಕೊಳವೆಬಾವಿಗೆ ಮಕ್ಕಳು ಬೀಳುವುದನ್ನು ತಡೆಯಲು ಬಂದ ನಿಯಮ ಅದು. ಆ 15 ದಿನ ಲೈನುಗಳನ್ನು ವಿಚಾರಿಸಲೂ ಸಾಕು. ರಾಯಚೂರು, ಬಳ್ಳಾರಿಯ ಕೋಟೆಯ ಆಸುಪಾಸು ಅಥವಾ ಆನೆಗೊಂದಿಯ ಕಡೆ ಮನೆ ಇದ್ದವರಿಗೆ ಸಂರಕ್ಷಿತ ಸ್ಮಾರಕಗಳ ಕಾನೂನೂ ಅನ್ವಯಿಸಬಹುದು: ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ.

ಪುಸ್ತಕದ ಆಳ, ನೆಲದ ಆಳ

ಕೇಬಲ್ ಎಷ್ಟು ಆಳದಲ್ಲಿರಬೇಕು ಎಂಬುದಕ್ಕೆ ಭಾರತೀಯ ಮಾನಕ ಇದೆ, ಐಎಸ್ 1255. ಮನೆಗೆ ಬರುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೇಬಲ್ 0.75 ಮೀಟರ್, ಅಂದರೆ ಸುಮಾರು ಎರಡೂವರೆ ಅಡಿ. 11 ಕೆವಿ (ಕಿಲೋವೋಲ್ಟ್) ಲೈನಿನದು 0.9 ಮೀಟರ್, 33 ಕೆವಿಯದು 1.05 ಮೀಟರ್. ಕೇಬಲ್ಲಿನ ಕೆಳಗೆ ಮೇಲೆ ಮರಳು ಹಾಸಿ, ಅದರ ಮೇಲೆ ಇಟ್ಟಿಗೆ ಅಥವಾ ಹೆಂಚು ಹೊದಿಸಬೇಕು. ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್ ಒಯ್ಯುವ ಭಾರತ್‌ನೆಟ್ ಫೈಬರ್ ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳಕ್ಕೆ ಹೋಗಬೇಕು. ಬಂಡೆ ಇದ್ದಲ್ಲಿ ಕಡಿಮೆ ಆಳದಲ್ಲಿ, ಗಟ್ಟಿ ರಕ್ಷಣೆ ಕೊಟ್ಟು ಹಾಕುತ್ತಾರೆ.

ಈ ಅಂಕಿಗಳನ್ನು ನಂಬಿ ‘ಎರಡಡಿವರೆಗೆ ಏನೂ ತೊಂದರೆ ಇಲ್ಲ’ ಎಂದು ಜೆಸಿಬಿ ಬಿಟ್ಟರೆ ಕೆಟ್ಟಿರಿ. ನಮ್ಮ ಕಡೆಯ ನೆಲವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಬಳ್ಳಾರಿ ಊರೊಳಗೆ, ಕೊಪ್ಪಳದ ಗುಡ್ಡಗಳ ಬುಡದಲ್ಲಿ ಒಂದಡಿ ಇಳಿದರೆ ಕಲ್ಲು. ಕಲ್ಲು ಒಡೆಯುವ ಖರ್ಚಿಗೆ ಹೆದರಿ ಮೇಲೆಮೇಲೇ ಪೈಪು ಮುಚ್ಚಿ ಹೋದವರು ಇರುತ್ತಾರೆ. ಮನೆಯವರು ಸ್ವಂತಕ್ಕೆ ಹಾಕಿಸಿದ ವೈರಂತೂ ಗೇಣುದ್ದದ ಆಳದಲ್ಲಿದ್ದರೂ ಆಶ್ಚರ್ಯವಿಲ್ಲ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಬೇರೆಯದೇ ಕಥೆ. ಗದ್ದೆಗೆ ಲೇಸರ್ ಲೆವೆಲರ್ ಹೊಡೆಸುವಾಗ ದಿಬ್ಬದ ಮಣ್ಣು ತಗ್ಗಿಗೆ ಹೋಗುತ್ತದೆ. ಮೊದಲು ಮೂರಡಿ ಆಳದಲ್ಲಿದ್ದ ಪೈಪಿನ ಮೇಲೆ ಈಗ ಒಂದೂವರೆ ಅಡಿ ಮಣ್ಣು ಉಳಿದಿರಬಹುದು. ತಗ್ಗಿನ ಕಡೆ ಅದೇ ಪೈಪು ಐದಡಿ ಕೆಳಗೆ ಹೋಗಿರಬಹುದು. ಹಾಕಿದವರು ಆಳ ಸರಿಯಾಗಿಯೇ ಹೇಳಿದರು, ಆಮೇಲೆ ನೆಲ ಬದಲಾಯಿತು.

ಎರೆ ಭೂಮಿಯದು, ಅಂದರೆ ಕಪ್ಪು ಮಣ್ಣಿನ ನೆಲದ್ದು, ಇನ್ನೂ ಹಟ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಪ್ರತಿ ವರ್ಷ ಹೂತದ್ದನ್ನೆಲ್ಲ ಅಲುಗಿಸುತ್ತಲೇ ಇರುತ್ತದೆ. ಜಾಯಿಂಟ್ ಬಿಡುತ್ತದೆ, ಪೈಪು ಡೊಂಕಾಗುತ್ತದೆ. ನೇರ ಗೆರೆಯಲ್ಲಿ ಹಾಕಿದ್ದೆಂದು ಎರಡು ತುದಿಗೆ ಹಗ್ಗ ಕಟ್ಟಿ, ನಡುವೆ ಅಷ್ಟೇ ಜಾಗ ಬಿಟ್ಟು ಅಗೆದರೆ ಸಾಲದು. ಗೆರೆಯ ಎರಡೂ ಬದಿಗೆ ಎರಡೆರಡು ಅಡಿಯಾದರೂ ಅನುಮಾನದ ಜಾಗವೆಂದೇ ಲೆಕ್ಕ ಹಾಕಿ.

ಮೇಲೆ ಕಾಣುವ ಗುರುತು

ಅಗೆದು ಮುಚ್ಚಿದ ನೆಲ ಮೊದಲಿನಂತೆ ಆಗುವುದಿಲ್ಲ. ಒಳ್ಳೆಯ ಮಳೆ ಬಂದ ಮೇಲೆ ನೋಡಿ, ಹಳೆ ಕಾಲುವೆಯ ಉದ್ದಕ್ಕೂ ಮಣ್ಣು ಕುಸಿದು ತಗ್ಗಿನ ಪಟ್ಟಿ ಮೂಡಿರುತ್ತದೆ. ಎರೆಯಲ್ಲಿ ಗರಸು (ಕಲ್ಲುಚೂರಿನ ಮಣ್ಣು) ತುಂಬಿ ಮುಚ್ಚಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಸುತ್ತಲಿನ ಕಪ್ಪು ನೆಲ ಬಿರಿದಾಗ ಆ ಪಟ್ಟಿ ಬೇರೆಯಾಗಿ ಎದ್ದು ಕಾಣುತ್ತದೆ. ಬೇಸಿಗೆಯಲ್ಲೂ ಒಂದೇ ಸಾಲಿನಲ್ಲಿ ಹಸಿರು ಹುಲ್ಲಿದ್ದರೆ ಕೆಳಗೆ ಸೋರುವ ಪೈಪಿರಬಹುದು. ರಸ್ತೆಯ ಡಾಂಬರಿಗೆ ಹಾಕಿದ ತೇಪೆ ನಿಮ್ಮ ಕಾಂಪೌಂಡಿನ ಕಡೆ ತಿರುಗಿದ್ದರೆ ಆ ಗೆರೆಯನ್ನು ಒಳಗೂ ಮುಂದುವರಿಸಿ ನೋಡಿ.

ಒಳಚರಂಡಿ ಪತ್ತೆ ಮಾಡುವುದು ಎಲ್ಲಕ್ಕಿಂತ ಸುಲಭ, ಯಾಕೆಂದರೆ ಅದು ಇಳಿಜಾರಿನಲ್ಲಿ, ಚೇಂಬರಿನಿಂದ ಚೇಂಬರಿಗೆ ನೇರವಾಗಿ ಹೋಗಬೇಕು. ಎರಡು ಚೇಂಬರಿನ ಮುಚ್ಚಳ ತೆಗೆದು ಪೈಪಿನ ಬಾಯಿ ಎಷ್ಟು ಕೆಳಗಿದೆ ಎಂದು ಮೇಲಿನಿಂದಲೇ ಕೋಲು ಬಿಟ್ಟು ಅಳೆದರೆ ನಡುವಿನ ಆಳ ಲೆಕ್ಕಕ್ಕೆ ಸಿಗುತ್ತದೆ. ಯಾರೂ ಒಳಗೆ ಇಳಿಯಬಾರದು, ಇಳಿಸಲೂ ಬಾರದು.

ಬಣ್ಣದ ವಿಷಯದಲ್ಲಿ ಎಚ್ಚರ. ಕುಡಿಯುವ ನೀರಿನ ಎಚ್‌ಡಿಪಿಇ ಪೈಪು ಕಪ್ಪಗಿದ್ದು ನೀಲಿ ಗೆರೆ ಇರುತ್ತದೆ, ಅನಿಲದ ಪ್ಲಾಸ್ಟಿಕ್ ಕೊಳವೆ ಹಳದಿ ಅಥವಾ ಕಿತ್ತಳೆ. ಫೈಬರ್ ಹಾಕುವ ಕೊಳವೆಯೂ ಕಿತ್ತಳೆ ಇರಬಹುದು, ಕರೆಂಟಿನದೂ ಇರಬಹುದು. ಕಿತ್ತಳೆ ಕಂಡ ಕೂಡಲೇ ‘ಇಂಟರ್ನೆಟ್ಟಿನದು’ ಎಂದು ಕತ್ತರಿಸುವುದು ಜೀವದ ಜೊತೆಗಿನ ಆಟ.

ಯಂತ್ರದ ಶಕ್ತಿ, ಯಂತ್ರದ ಮಿತಿ

ಕೇಬಲ್ ಹುಡುಕುವ ಯಂತ್ರ ನೆಲದೊಳಗೆ ಇಣುಕುವುದಿಲ್ಲ. ತಂತಿಯಲ್ಲಿ ಕರೆಂಟು ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೈಯಲ್ಲಿ ಹಿಡಿದು ನೆಲಕ್ಕೆ ಹತ್ತಿರವಾಗಿ ಅಡ್ಡಡ್ಡ ನಡೆಸಿದಾಗ ಲೈನಿನ ನೆತ್ತಿಯ ಮೇಲೆ ಬಂದೊಡನೆ ಸದ್ದು ಜೋರಾಗುತ್ತದೆ.

ಇದನ್ನು ಎರಡು ರೀತಿ ಬಳಸಬಹುದು. ಒಂದು, ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದನ್ನೇ ಕೇಳುವುದು. ಇನ್ನೊಂದು, ಕಾಣುವ ತುದಿಗೆ ಟ್ರಾನ್ಸ್‌ಮಿಟರ್ ಸೇರಿಸಿ ನಮಗೆ ಬೇಕಾದ ಸಿಗ್ನಲ್ಲನ್ನು ಲೈನಿಗೆ ಬಿಟ್ಟು, ಅದನ್ನು ಹಿಂಬಾಲಿಸುವುದು. ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ, ಯಾಕೆಂದರೆ ಯಾವ ಲೈನನ್ನು ಹುಡುಕುತ್ತಿದ್ದೀರಿ ಎಂದು ನಿಮಗೆ ಗೊತ್ತಿರುತ್ತದೆ. ಆದರೂ ಪಕ್ಕದಲ್ಲೇ ಇನ್ನೊಂದು ಲೋಹದ ಲೈನಿದ್ದರೆ ಸಿಗ್ನಲ್ ಅದಕ್ಕೂ ಹಾರುತ್ತದೆ. ಬೆಂಡ್, ಜಾಯಿಂಟ್ ಇರುವಲ್ಲಿ ಯಂತ್ರ ತೋರಿಸುವ ಆಳ ತಪ್ಪುತ್ತದೆ.

ಮೊದಲನೆಯ ವಿಧಾನದಲ್ಲಿ ರೈತರಿಗೆ ಕಾದಿರುವ ಅಪಾಯ ದೊಡ್ಡದು, ಅದನ್ನು ಬಿಡಿಸಿ ಹೇಳಲೇಬೇಕು. ಕರೆಂಟು ಹರಿಯದ ಕೇಬಲ್ ಯಂತ್ರಕ್ಕೆ ಕೇಳಿಸುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಇಡೀ ದಿನ ಇರುವುದಿಲ್ಲ, ಇಲ್ಲದ ಹೊತ್ತಿನಲ್ಲಿ ಯಂತ್ರ ನಡೆಸಿದರೆ ಬೋರಿನ ಕೇಬಲ್ ಮೇಲೆಯೇ ನಿಂತರೂ ಸುಮ್ಮನಿರುತ್ತದೆ. ‘ಏನಿಲ್ಲ ಬಿಡ್ರಿ’ ಎಂದು ಅಗೆಯಲು ಶುರು ಮಾಡುತ್ತೀರಿ. ನಡುವೆ ಫೇಸ್ ಬರುತ್ತದೆ. ಸ್ಟಾರ್ಟರಿಗೆ ಆಟೊ ಹಾಕಿದ್ದರೆ ಯಾರೂ ಮುಟ್ಟದೆ ಮೋಟರು ತಾನಾಗಿಯೇ ಓಡತೊಡಗುತ್ತದೆ, ಗುಂಡಿಯಲ್ಲಿ ಮನುಷ್ಯರು ಇರುವಾಗಲೇ. ಆದ್ದರಿಂದ ಹುಡುಕುವಾಗ ಮೋಟರು ಓಡುತ್ತಿರಲಿ. ಹಾಗೆ ಮಾಡಿದರೂ ಮೂರು ಫೇಸಿನ ಕ್ಷೇತ್ರಗಳು ಒಂದನ್ನೊಂದು ತಗ್ಗಿಸುವುದರಿಂದ ಸದ್ದು ಸಣ್ಣದಾಗಿರಬಹುದು. ಅಗೆಯುವಾಗ ಆಟೊ ಬಂದ್ ಮಾಡಿದರೆ ಸಾಲದು, ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಮನೆಯಲ್ಲೂ ಹೀಗೆಯೇ. ಮೇನ್ ಸ್ವಿಚ್ ಇಳಿಸಿದರೆ ಮೀಟರಿನ ಒಳಗಿನ ವೈರುಗಳು ತಣ್ಣಗಾಗುತ್ತವೆ, ಕಂಬದಿಂದ ಮೀಟರಿಗೆ ಬರುವ ಕೇಬಲ್ ಆಗುವುದಿಲ್ಲ. ಅದನ್ನು ಜೆಸ್ಕಾಂನವರೇ ಬಂದ್ ಮಾಡಬೇಕು. ಇನ್ವರ್ಟರ್, ಸೋಲಾರ್ ಇದ್ದರೆ ಅವನ್ನೂ ಬೇರೆಯಾಗಿ ಆರಿಸಬೇಕು.

ಲೋಹವಿಲ್ಲದ್ದು ಈ ಯಂತ್ರಕ್ಕೆ ಸಿಗುವುದಿಲ್ಲ. ಪಿವಿಸಿ, ಎಚ್‌ಡಿಪಿಇ, ಸಿಮೆಂಟ್ ಪೈಪು, ಲೋಹದ ಎಳೆ ಇಲ್ಲದ ಫೈಬರ್ ಕೇಬಲ್, ಎಲ್ಲವೂ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಖಾಲಿ ಕೊಳವೆಯ ಬಾಯಿ ಸಿಕ್ಕರೆ ಒಳಗೆ ಗಟ್ಟಿ ತಂತಿ ತೂರಿಸಿ, ಆ ತಂತಿಗೆ ಸಿಗ್ನಲ್ ಬಿಟ್ಟು ದಾರಿ ಹುಡುಕಬಹುದು.

ನೆಲದೊಳಗೆ ರೇಡಿಯೊ ಅಲೆ ಬಿಟ್ಟು ಪ್ರತಿಫಲನ ನೋಡುವ ರೇಡಾರ್ ಯಂತ್ರವೂ ಇದೆ, ಜಿಪಿಆರ್ ಎನ್ನುತ್ತಾರೆ. ಪ್ಲಾಸ್ಟಿಕ್ಕನ್ನೂ ತೋರಿಸಬಲ್ಲದು. ಆದರೆ ಅದಕ್ಕೆ ಕಡು ವೈರಿ ಜಿಗುಟು ಮಣ್ಣು. ನಮ್ಮ ಎರೆಯಲ್ಲಿ ಜೇಡಿ ಹೆಚ್ಚು, ತೇವ ಇದ್ದರೆ ಅಲೆ ಕೆಳಗಿಳಿಯುವ ಮೊದಲೇ ಮಣ್ಣು ಹೀರಿಕೊಳ್ಳುತ್ತದೆ. ಒಣಗಿದ ಮಸಾರಿ (ಕೆಂಪು ಮಣ್ಣು), ಗರಸು ನೆಲದಲ್ಲಿ ಚೆನ್ನಾಗಿ ಇಳಿಯುತ್ತದೆ, ಅಲ್ಲಿ ಉಂಡೆಗಲ್ಲುಗಳೂ ಪೈಪಿನ ಹಾಗೆ ಕಾಣಿಸಿ ಗೊಂದಲ ಮಾಡುತ್ತವೆ. ಎರೆ ಹೊಲಕ್ಕೆ ಮಳೆಗಾಲದಲ್ಲಿ ರೇಡಾರ್ ಕರೆಸಿ ದುಡ್ಡು ಸುರಿಯಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಗೋಡೆಯ ವೈರು ನೋಡುವ ಟೆಸ್ಟರ್, ಸಣ್ಣ ಮೆಟಲ್ ಡಿಟೆಕ್ಟರ್ ಕೆಲವೇ ಇಂಚಿನವರೆಗಿನ ಸಾಮಾನು, ಇಲ್ಲಿ ಉಪಯೋಗಕ್ಕೆ ಬಾರವು. ತೆಂಗಿನಕಾಯಿ, ಕವಲು ಕಡ್ಡಿ ಹಿಡಿದು ನೀರು ನೋಡುವವರ ಮೇಲೆ ನಿಮಗೆ ನಂಬಿಕೆ ಇರಬಹುದು, ಬೋರಿನ ಜಾಗಕ್ಕೆ ಅದು ನಿಮಗೆ ಬಿಟ್ಟದ್ದು. ಕೇಬಲ್ ಹುಡುಕಲು ಮಾತ್ರ ಅದನ್ನು ನಂಬಿ ಯಾರನ್ನೂ ಗುಂಡಿಗೆ ಇಳಿಸಬೇಡಿ.

ಕೈಗುಂಡಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಈ ಕೆಲಸಕ್ಕೆ ಸಿದ್ಧತೆ. ಸುಣ್ಣದ ಪುಡಿಯಿಂದ ನೆಲದ ಮೇಲೆ ಎರಡು ಗುರುತು ಹಾಕಿ: ನೀವು ಅಗೆಯಬೇಕಾದ ಜಾಗ ಒಂದು, ಲೈನು ಇರಬಹುದಾದ ಪಟ್ಟಿ ಇನ್ನೊಂದು. ಎರಡೂ ಕೂಡುವ ಕಡೆ, ಯಂತ್ರ ಬರುವ ಮೊದಲು ಕೈಯಿಂದ ಅಗೆಯಬೇಕು. ಗುಂಡಿ ಲೈನಿನ ಉದ್ದಕ್ಕಲ್ಲ, ಅದಕ್ಕೆ ಅಡ್ಡವಾಗಿರಲಿ. ಅಂದಾಜಿನ ಗೆರೆಯ ಪಕ್ಕದಿಂದ ಶುರು ಮಾಡಿ ನಿಧಾನವಾಗಿ ಗೆರೆಯ ಕಡೆ ಸರಿಯಬೇಕು, ನೇರ ಮೇಲಿನಿಂದ ಹೊಡೆಯಬಾರದು.

ಹಾರೆ, ಪಿಕಾಸಿ ಪಕ್ಕಕ್ಕಿಡಿ. ಕೇಬಲ್ಲಿನ ಕವಚ ತೂರಿಕೊಂಡು ಹೋಗುವುದು ಹಾರೆಯ ತುದಿ, ಅದನ್ನು ಹಿಡಿದ ಕೈಯೂ ಬೆವೆತಿರುತ್ತದೆ. ಮರದ ಹಿಡಿಯ ಸಲಿಕೆಯಿಂದ ಮಣ್ಣನ್ನು ತೆಳುವಾಗಿ ಕೆರೆದು ತೆಗೆಯಬೇಕು. ಬೇಸಿಗೆಯ ಎರೆ ಕಲ್ಲಿನಂತಾಗಿರುತ್ತದೆ. ಹಿಂದಿನ ಸಂಜೆ ನೀರು ಬಿಟ್ಟರೆ ಮೆತ್ತಗಾಗುತ್ತದೆ, ಆದರೆ ಕೆಳಗೆ ಕರೆಂಟಿನ ಕೇಬಲ್ ಇರುವ ಅನುಮಾನವಿದ್ದರೆ ನೀರು ಬೇಡ, ತಾಳ್ಮೆಯೇ ಬೇಕು.

ಗುಂಡಿಯ ಗೋಡೆಯನ್ನು ನೋಡುತ್ತಾ ಹೋಗಿ, ಅದು ಮಾತಾಡುತ್ತದೆ. ಮೊದಲ ಅರ್ಧ ಅಡಿ ಅಂಗಳದ ಧೂಳು, ಬೇರು, ಒಡೆದ ಹೆಂಚಿನ ಚೂರು. ಆಮೇಲೆ ಅಗೆಯದ ನೆಲವಾದರೆ ಒಂದೇ ಬಣ್ಣದ, ಬಿಗಿಯಾದ ಮಣ್ಣು ಕೆಳಗಿನವರೆಗೂ ಹೋಗುತ್ತದೆ. ಅದರ ಬದಲು ಕಪ್ಪು ಮಣ್ಣೊಳಗೆ ಕೆಂಪು ಗರಸಿನ ಉಂಡೆ, ಜಲ್ಲಿ, ಪ್ಲಾಸ್ಟಿಕ್ ಚೀಲದ ಚೂರು ಕಲೆಸಿಕೊಂಡು ಬಂದರೆ ಆ ಜಾಗವನ್ನು ಹಿಂದೆ ಯಾರೋ ಅಗೆದಿದ್ದಾರೆ. ಅಲ್ಲಿಗೆ ಸಲಿಕೆಯ ವೇಗ ಇಳಿಯಬೇಕು. ಇನ್ನಷ್ಟು ಕೆಳಗೆ ಬಣ್ಣದ ಎಚ್ಚರಿಕೆ ಪಟ್ಟಿ ಕಂಡರೆ, ಸಾಲಾಗಿ ಅಡ್ಡ ಮಲಗಿಸಿದ ಇಟ್ಟಿಗೆ ಕಂಡರೆ, ಕಪ್ಪು ಮಣ್ಣಿನ ನಡುವೆ ಇದ್ದಕ್ಕಿದ್ದಂತೆ ಹೊಳೆ ಮರಳು ಜಾರಿ ಬಂದರೆ ಕೈ ನಿಲ್ಲಿಸಿ. ಎರೆಯೊಳಗೆ ಮರಳು ತಾನಾಗಿ ಬರುವುದಿಲ್ಲ, ಕೇಬಲ್ಲಿಗೆ ಹಾಸಿಗೆಯಾಗಿ ಹಾಕಿದ್ದು ಅದು. ಮುಂದಿನ ಮಣ್ಣು ಸಲಿಕೆಯಿಂದಲ್ಲ, ಗಟ್ಟಿ ಕುಂಚ ಅಥವಾ ಮರದ ತುಂಡಿನಿಂದ.

ಲೈನು ಕಂಡ ಮೇಲೆ ಅದರ ಆಳ, ದಿಕ್ಕು ನೋಡಿಕೊಂಡು ಎಂಟು ಹತ್ತು ಅಡಿ ದೂರದಲ್ಲಿ ಇನ್ನೊಂದು ಗುಂಡಿ ತೋಡಿ. ಒಂದು ಗುಂಡಿಯಲ್ಲಿ ಜಾಗ ತಿಳಿಯುತ್ತದೆ, ಎರಡು ಗುಂಡಿಯಿದ್ದರೆ ದಾರಿ ತಿಳಿಯುತ್ತದೆ. ಜೆಸಿಬಿಯನ್ನು ಆ ಗೆರೆಯಿಂದ ಕನಿಷ್ಠ ಎರಡಡಿ ದೂರದಲ್ಲೇ ನಿಲ್ಲಿಸಬೇಕು, ಹತ್ತಿರದ್ದೆಲ್ಲ ಕೈಯಿಂದಲೇ. ಡ್ರೈವರಿಗೆ ಗುಂಡಿ ತೋರಿಸಿ, ಕೇಬಲ್ಲನ್ನೂ ತೋರಿಸಿ. ಕಂಡವರು ಎಚ್ಚರಿಕೆಯಿಂದಲೇ ಓಡಿಸುತ್ತಾರೆ. ಬಯಲಾದ ಕೇಬಲ್ಲನ್ನು ಎಳೆಯಬೇಡಿ, ಮೇಲೆತ್ತಬೇಡಿ, ಅದರ ಮೇಲೆ ಕಾಲಿಡಬೇಡಿ. ಹಳೆಯದು, ಬಂದ್ ಆಗಿರಬೇಕು ಎಂಬ ಊಹೆಯೂ ಬೇಡ.

ಅಂದಾಜಿಸಿದ ಆಳಕ್ಕೆ ಹೋದರೂ ಏನೂ ಸಿಗದಿದ್ದರೆ? ಇಲ್ಲ ಎಂದು ತೀರ್ಮಾನಿಸುವ ಮೊದಲು ಗುಂಡಿಯನ್ನು ಎರಡೂ ಬದಿಗೆ ಅಗಲ ಮಾಡಿ, ಗೋಡೆಯ ಮಣ್ಣು ಅಗೆದದ್ದೋ ಅಗೆಯದ್ದೋ ನೋಡಿ. ಬಿಗಿಯಾದ ಮೂಲ ಮಣ್ಣೇ ಇದ್ದರೆ ಆ ಜಾಗದಲ್ಲಿ, ಅಗೆದ ಆಳದವರೆಗೆ ನಿಶ್ಚಿಂತೆ.

ತಾಗಿಬಿಟ್ಟರೆ

ಜೆಸಿಬಿಯ ಬಕೆಟ್ ಕರೆಂಟಿನ ಕೇಬಲ್ಲಿಗೆ ತಾಗಿದರೆ ಡ್ರೈವರ್ ಗಾಡಿಯಲ್ಲೇ ಕೂತಿರಬೇಕು. ಗಾಡಿಯೂ ಸುತ್ತಲಿನ ನೆಲವೂ ಕರೆಂಟು ಹಿಡಿದಿರಬಹುದು. ಉಳಿದವರು ಮೂವತ್ತು ಅಡಿಗೂ ಹೆಚ್ಚು ದೂರ ಸರಿದು ಜೆಸ್ಕಾಂನ 1912ಕ್ಕೆ ಫೋನ್ ಮಾಡಿ, ಕರೆಂಟು ತೆಗೆದಿದ್ದೇವೆಂದು ಅವರು ಹೇಳುವವರೆಗೆ ಯಾರೂ ಹತ್ತಿರ ಹೋಗಬಾರದು. ಗಾಡಿಗೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು, ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೂ ಹೆಜ್ಜೆ ಹಾಕದೆ ಕಾಲು ಜೋಡಿಸಿಕೊಂಡೇ ಕುಪ್ಪಳಿಸುತ್ತ ದೂರ ಹೋಗಬೇಕು. ಎರಡು ಕಾಲಿನ ನಡುವೆ ಅಂತರ ಇದ್ದರೆ ಆ ಅಂತರದಲ್ಲೇ ಮೈಯೊಳಗೆ ಕರೆಂಟು ಹರಿಯುತ್ತದೆ.

ಅನಿಲದ ಕೊಳವೆ ಒಡೆದರೆ ಎಂಜಿನ್ ಆರಿಸಿ, ಗಾಳಿ ಬರುವ ದಿಕ್ಕಿಗೆ ನಡೆದು ದೂರ ಹೋಗಿ. ಬೀಡಿ, ಸ್ವಿಚ್ಚು, ಅಲ್ಲೇ ನಿಂತು ಮೊಬೈಲ್ ಒತ್ತುವುದು ಯಾವುದೂ ಬೇಡ. ದೂರ ಹೋದ ಮೇಲೆ ಕಂಪನಿಯ ತುರ್ತು ನಂಬರಿಗೂ 112ಕ್ಕೂ ಫೋನ್ ಮಾಡಿ. ಮಣ್ಣು ಮುಚ್ಚಿ ಸೋರಿಕೆ ನಿಲ್ಲಿಸಲು ಹೋಗಬಾರದು, ಅನಿಲ ಮಣ್ಣಿನೊಳಗೇ ಹರಿದು ಪಕ್ಕದ ಮನೆಯೊಳಗೆ ಎದ್ದೀತು. ಫೈಬರ್ ತುಂಡಾದರೆ ಅದರ ತುದಿಗೆ ಕಣ್ಣಿಟ್ಟು ನೋಡಬೇಡಿ, ಒಳಗಿನ ಲೇಸರ್ ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಕೆಡುಕು ಮಾಡಬಲ್ಲದು. ನೀರಿನ ಪೈಪಾದರೆ ವಾಲ್ವ್‌ಮನ್‌ಗೆ ಹೇಳಿ ಬಂದ್ ಮಾಡಿಸಿ. ಹಳೆ ಸಿಮೆಂಟ್ ಪೈಪು ಕಲ್ನಾರಿನದಾಗಿರಬಹುದು (ಆಸ್ಬೆಸ್ಟಾಸ್), ಒಣಗಿದ್ದಾಗ ಕಟ್ಟರ್ ಹಾಕಿ ಧೂಳೆಬ್ಬಿಸಬಾರದು.

ಕವಚಕ್ಕೆ ಸಣ್ಣ ಗೀರು ಬಿದ್ದರೂ ಸಂಬಂಧಪಟ್ಟವರಿಗೆ ಹೇಳಲೇಬೇಕು. ಅಂದು ಏನೂ ಆಗದೆ ಮುಚ್ಚಿದ ಗೀರಿನಲ್ಲಿ ಮಳೆಗಾಲಕ್ಕೆ ನೀರು ಇಳಿದು, ತಿಂಗಳುಗಳ ನಂತರ ಕೇಬಲ್ ಸುಡುತ್ತದೆ. ಆಗ ಅದರ ಮೇಲೆ ನಿಂತವರು ಬೇರೆ ಯಾರೋ ಆಗಿರುತ್ತಾರೆ.

ಮುಚ್ಚುವಾಗ ಕೇಬಲ್ಲಿನ ಸುತ್ತ ಕಲ್ಲಿಲ್ಲದ ಮರಳು, ಮೇಲೆ ಇಟ್ಟಿಗೆಯ ಸಾಲು, ಅದರ ಮೇಲೆ ಒಂದಡಿ ಮಣ್ಣು ಹಾಕಿ ಎಚ್ಚರಿಕೆ ಪಟ್ಟಿ ಹಾಸಿ. ಹೊಸ ಪ್ಲಾಸ್ಟಿಕ್ ಪೈಪು ಹಾಕುತ್ತಿದ್ದರೆ ಅದರ ಜೊತೆಗೇ ಕವಚವಿರುವ ಒಂದು ತಾಮ್ರದ ತಂತಿಯನ್ನೂ ಮಲಗಿಸಿ ಎರಡೂ ತುದಿಯನ್ನು ಮೇಲಕ್ಕೆ ಬಿಡಿ. ಮುಂದೆ ಯಂತ್ರಕ್ಕೆ ಆ ಪೈಪು ಸಿಗುವುದು ಈ ತಂತಿಯಿಂದಲೇ. ಗುಂಡಿ ತೆರೆದಿರುವಾಗಲೇ ಫೋಟೊ ತೆಗೆಯಿರಿ, ಟೇಪು ಹಿಡಿದು ಅಳತೆ ಕಾಣುವ ಹಾಗೆ. ಆಮೇಲೆ ಒಂದು ಹಾಳೆಯಲ್ಲಿ ಮನೆಯ ಮೂಲೆಯಿಂದ ಎಷ್ಟು ಅಡಿ, ಕಾಂಪೌಂಡಿನಿಂದ ಎಷ್ಟು ಅಡಿ, ಎಷ್ಟು ಆಳ, ಯಾವ ಪೈಪು, ಯಾವ ತಿಂಗಳು ಎಂದು ಬರೆಯಿರಿ. ಅಳತೆ ಗೋಡೆಯ ಮೂಲೆಯಿಂದಲೇ ಇರಲಿ, ಗಿಡದಿಂದ ಬೇಡ, ಗಿಡ ಕಡಿಯುತ್ತಾರೆ. ಆ ಹಾಳೆಯ ಒಂದು ಪ್ರತಿ ಖಾತೆಯ ಕಾಗದಗಳ ಜೊತೆಗೆ, ಇನ್ನೊಂದು ಮೀಟರ್ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿ. ಮನೆ ಮಾರಿದರೆ ಪತ್ರದ ಜೊತೆ ಅದನ್ನೂ ಕೊಡಿ.